ದೂರದ್ದೋ, ಹತ್ತಿರದ್ದೋ

ಪೊರೆ ಬಂದು ಕಣ್ಣು ಕೆಡುವ ಮೊದಲು ನನ್ನ ಕಣ್ಣು ಸುಧಾರಿಸಿತ್ತು. ಹೀಗೆ ಹೇಳಿದರೆ ಜನ ನಗುತ್ತಾರೆ, ಆದರೆ ಆದದ್ದು ಹಾಗೇ. ನಲವತ್ತು ದಾಟಿದ ಮೇಲೆ ಎಲ್ಲರಂತೆ ನನಗೂ ಓದುವ ಚಾಳೀಸು ಬಂದಿತ್ತು. ಅದಿಲ್ಲದೆ ಸೂಜಿಗೆ ದಾರ ಪೋಣಿಸುವುದು ಆಗುತ್ತಿರಲಿಲ್ಲ. ಅರವತ್ತರ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಚಾಳೀಸು ಅಡಿಗೆಮನೆಯಲ್ಲೇ ಉಳಿದಿತ್ತು, ನಾನು ಪಡಸಾಲೆಯಲ್ಲಿ ಬರಿಗಣ್ಣಿನಲ್ಲೇ ಕಸೂತಿ ಹಾಕುತ್ತ ಕೂತಿದ್ದೆ. "ಏನ್ರೀ, ಚಾಳೀಸಿಲ್ದನ ಹಾಕಾಕತ್ತೀರಲ್ಲಾ!" ಅಂತ ಎದುರುಮನೆಯವರು ಕೇಳಿದಾಗಲೇ ನನಗೂ ಗೊತ್ತಾದದ್ದು. ಅದಾದ ಮೇಲೆ ಕೆಲವು ತಿಂಗಳು ನಾನು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಇಷ್ಟು ವರ್ಷ ಸೂಜಿ ಹಿಡಿದದ್ದಕ್ಕೆ ಕಣ್ಣು ಗಟ್ಟಿಯಾಗಿದೆ ಎಂದೆ. ಗಜ್ಜರಿ ತಿಂದದ್ದಕ್ಕೆ ಎಂದು ಕೆಲವರು. ದೇವರ ದಯೆ ಎಂದು ಅತ್ತೆ.

ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಕಣ್ಣೊಳಗಿನ ಮಸೂರದ ನಡುಭಾಗ ವಯಸ್ಸಿನ ಜೊತೆ ಗಟ್ಟಿಯಾಗುತ್ತದೆ, ಹಳದಿಯಾಗುತ್ತದೆ, ಅದರ ಶಕ್ತಿ ಹೆಚ್ಚುತ್ತದೆ. ನಂಬರು ಮೈನಸ್ ಕಡೆ ಜರುಗುತ್ತದೆ. ಆಗ ದೂರದ್ದು ಮಬ್ಬಾಗುತ್ತದೆ, ಹತ್ತಿರದ್ದು ಮಾತ್ರ ಚಾಳೀಸಿಲ್ಲದೆ ಕಾಣತೊಡಗುತ್ತದೆ. ಪೊರೆಯ ಮೊದಲ ಮೆಟ್ಟಿಲೇ ಅದು. ನಾನು ಓಣಿಯಲ್ಲೆಲ್ಲ ಹೆಚ್ಚುಗಾರಿಕೆ ಹೇಳಿಕೊಂಡದ್ದು ಮೋತಿಬಿಂದುವಿನದು.

ಧಾರವಾಡದ ಕಸೂತಿ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಲೇಬೇಕು. ಇದಕ್ಕೆ ಪೆನ್ಸಿಲ್ ಗೆರೆ ಇಲ್ಲ, ಟ್ರೇಸಿಂಗ್ ಇಲ್ಲ, ಗಂಟು ಇಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಇಳಿಸಬೇಕು, ಎಣಿಸಿ ಎತ್ತಬೇಕು. ಹೊಲಿಗೆ ನಾಲ್ಕು: ಗವಂತಿ, ಮುರ್ಗಿ, ನೇಗಿ, ಮೆಂತೆ. ಗವಂತಿಯಲ್ಲಿ ಬಿಟ್ಟುಬಿಟ್ಟು ಹೊಲಿಯುತ್ತ ಹೋಗಿ, ಅದೇ ದಾರಿಯಲ್ಲಿ ತಿರುಗಿ ಬರುತ್ತ ಬಿಟ್ಟ ಜಾಗ ತುಂಬಬೇಕು. ಮುಗಿದಾಗ ಎದುರು ಯಾವುದು ಬೆನ್ನು ಯಾವುದು ಎಂದು ತಿಳಿಯಬಾರದು. ಮುರ್ಗಿಯೂ ಹಾಗೇ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಗಿ ಮಗ್ಗದಲ್ಲೇ ನೇಯ್ದು ಬಂತೇನೋ ಅನಿಸುತ್ತದೆ. ಮೆಂತೆ ಅಡ್ಡಹೊಲಿಗೆ, ದಾರ ಬಹಳ ತಿನ್ನುತ್ತದೆ. ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ, ನವಿಲು, ತೊಟ್ಟಿಲು, ಎಲ್ಲವೂ ಈ ನಾಲ್ಕರೊಳಗೇ ಹುಟ್ಟಬೇಕು. ಹೋಗುವಾಗ ಒಂದು ಎಳೆ ಹೆಚ್ಚುಕಡಿಮೆಯಾದರೆ ಆಗಲೇ ಗೊತ್ತಾಗುವುದಿಲ್ಲ. ತಿರುಗಿ ಬರುವಾಗ ಕೂಡುವುದಿಲ್ಲ, ಆಗ ಬಿಚ್ಚಬೇಕು.

ಇದರಲ್ಲೂ ಕಠಿಣವಾದದ್ದು ಚಂದ್ರಕಾಳಿ. ಕರಿ ರೇಷ್ಮೆಯ ಇಳಕಲ್ ಸೀರೆ. ಹಿಂದೆ ನಮ್ಮ ಕಡೆ ಮದುವೆಯಾಗುವ ಹುಡುಗಿಗೆ ಕಸೂತಿ ಹಾಕಿದ ಒಂದು ಚಂದ್ರಕಾಳಿ ಇರಲೇಬೇಕಿತ್ತು. ಬಿಳಿ ಬಟ್ಟೆಯಲ್ಲಿ ಎಳೆ ತಾನಾಗಿ ಕಾಣುತ್ತದೆ. ಕರಿ ಬಟ್ಟೆಯಲ್ಲಿ ಅದನ್ನು ಹುಡುಕಬೇಕು. ಬೆಳಕು ಓರೆಯಾಗಿ ಬೀಳುವ ಹಾಗೆ ಬಟ್ಟೆ ತಿರುಗಿಸಿ, ತೊಡೆಯ ಮೇಲೆ ಬಿಳಿ ಪಂಚೆ ಹಾಸಿಕೊಂಡು, ಒಂದೊಂದೇ ಎಳೆಯ ಮಿಂಚು ಹಿಡಿದು ಎಣಿಸಬೇಕು. ನನಗೆ ಜಗತ್ತಿನಲ್ಲಿ ಇದಕ್ಕಿಂತ ಇಷ್ಟವಾದ ಕೆಲಸ ಇನ್ನೊಂದಿಲ್ಲ. (ಇಷ್ಟ ಅಂದ ಕೂಡಲೇ ಕೂಲಿ ಇಳಿಸಲು ನೋಡುವವರಿದ್ದಾರೆ. "ನಿಮಗ ಹವ್ಯಾಸ ಅಲ್ರೀ, ಅಷ್ಟ್ಯಾಕ?" ಎನ್ನುತ್ತಾರೆ. ಇಷ್ಟವೂ ಹೌದು, ಅಷ್ಟೂ ಹೌದು.)

ಮೊದಲು ಕೈಬಿಟ್ಟದ್ದು ಈ ಕರಿ ಬಟ್ಟೆಯೇ. ಬಿಳಿಯ ಮೇಲೆ, ಕೆಂಪಿನ ಮೇಲೆ ಕೆಲಸ ನಡೆಯುತ್ತಿತ್ತು. ಚಂದ್ರಕಾಳಿ ಹಿಡಿದರೆ ಎಳೆಗಳು ಒಂದರೊಳಗೊಂದು ಕರಗಿಹೋಗುತ್ತಿದ್ದವು. ಪಡಸಾಲೆಯಿಂದ ಹೊರಕಟ್ಟೆಗೆ ಬಂದೆ, ಕಟ್ಟೆಯಿಂದ ಮಾಳಿಗೆಗೆ ಹೋದೆ. ಆಷಾಢ ಶ್ರಾವಣದಲ್ಲಿ ಧಾರವಾಡದಲ್ಲಿ ಬಿಸಿಲು ಎಲ್ಲಿಂದ ತರುವುದು? ರಾತ್ರಿ ಹುಬ್ಬಳ್ಳಿಯಿಂದ ಬರುವಾಗ ಎದುರಿನ ಗಾಡಿಗಳ ದೀಪದ ಸುತ್ತ ಬಳೆಬಳೆಯಾಗಿ ಬೆಳಕು ಕಾಣುತ್ತಿತ್ತು. ಮಧ್ಯಾಹ್ನ ನನ್ನ ಹತ್ತಿರ ಕಲಿಯಲು ಬರುವ ಕಾಲೇಜು ಹುಡುಗಿ ಒಂದು ದಿನ ನನ್ನ ಕೈಯಿಂದ ಬಟ್ಟೆ ತಗೊಂಡು, ಏನೂ ಹೇಳದೆ, ಒಂದು ಸಾಲು ಬಿಚ್ಚಿ ಮತ್ತೆ ಹಾಕಿ ಕೊಟ್ಟಳು. ಮರುವಾರ ಕಣ್ಣಿನ ಆಸ್ಪತ್ರೆಗೆ ಹೋದೆ.

ಹೋಗಲು ಹಿಂಜರಿದದ್ದಕ್ಕೆ ಕಾರಣ ನನ್ನ ಅಜ್ಜಿ. ಅಜ್ಜಿಯ ಕಣ್ಣಿನ ಆಪರೇಷನ್ ಆದದ್ದು ಡಾಕ್ಟರ್ ಎಂ.ಸಿ. ಮೋದಿಯವರ ಶಿಬಿರದಲ್ಲಿ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡ ಈ ಮನುಷ್ಯ ಊರೂರು ತಿರುಗಿ, ಸಾಲಾಗಿ ಮಲಗಿಸಿದ ಬಡವರ ಕಣ್ಣಿನ ಪೊರೆ ಪುಕ್ಕಟೆ ತೆಗೆಯುತ್ತಿದ್ದರು. 1968ರಲ್ಲಿ ಅವರಿಗೆ ಪದ್ಮಭೂಷಣ ಬಂತು. ನಮ್ಮ ಅಜ್ಜಿಯ ಪಾಲಿಗೆ ಅವರು ದೇವರ ಪಟಗಳ ಪಕ್ಕ ಕೂರಬೇಕಾದವರು. ಆದರೆ ಆಗಿನ ಕಾಲದ ಆಪರೇಷನ್ನಿನಲ್ಲಿ ಮಂಜಾದ ಮಸೂರವನ್ನು ತೆಗೆಯುತ್ತಿದ್ದರು, ಆ ಜಾಗದಲ್ಲಿ ಬೇರೆ ಏನನ್ನೂ ಇಡುತ್ತಿರಲಿಲ್ಲ. ಅದರ ಬದಲಿಗೆ ಸೋಡಾಬುಡ್ಡಿ ಚಾಳೀಸು, ಹೆಚ್ಚುಕಡಿಮೆ ಪ್ಲಸ್ ಹತ್ತರ ನಂಬರು. ಅದರಲ್ಲಿ ಎಲ್ಲವೂ ಇದ್ದುದಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ, ಪಕ್ಕದ್ದು ಕಾಣುವುದೇ ಇಲ್ಲ. ಅಜ್ಜಿ ಹೊಸ್ತಿಲು ದಾಟುವಾಗ ಕಾಲು ಎಷ್ಟೆತ್ತರ ಎತ್ತುತ್ತಿದ್ದಳೆಂದರೆ ನಾವು ಮಕ್ಕಳು ನಗುತ್ತಿದ್ದೆವು. ಸೂಜಿ ಎಲ್ಲಿದೆ ಎಂದು ಕಾಣುವುದಕ್ಕೂ ಅದು ನಿಜವಾಗಿ ಇದ್ದ ಜಾಗಕ್ಕೂ ಅವಳಿಗೆ ಕೂಡುತ್ತಿರಲಿಲ್ಲ. ಕಸೂತಿ ಅಲ್ಲಿಗೆ ನಿಂತಿತು. ಆಮೇಲೆ ನಾವು ಹಾಕಿದ್ದನ್ನು ತೊಡೆಯ ಮೇಲೆ ಹರವಿಕೊಂಡು, ಬೆನ್ನ ಕಡೆಯಿಂದ ಬೆರಳಾಡಿಸಿ, "ಇಲ್ಲಿ ಗಂಟ ಹಾಕೀದಿ" ಎಂದು ಹಿಡಿಯುತ್ತಿದ್ದಳು. ಒಂದು ಸಲವೂ ತಪ್ಪುತ್ತಿರಲಿಲ್ಲ. ಮನುಷ್ಯರ ಮುಖ ಮತ್ತೆ ಕಂಡಿತಲ್ಲ ಎಂದು ಅವಳಿಗೆ ಸಮಾಧಾನವಿತ್ತು. ನನಗೆ ಮಾತ್ರ ಆ ಬೆರಳು ನೆನಪಿನಲ್ಲಿ ಉಳಿದಿತ್ತು.

ಆಸ್ಪತ್ರೆಯಲ್ಲಿ ಮೊದಲ ದಿನ ಪಾಪೆ ಅಗಲವಾಗಲು ಹನಿ ಹಾಕಿ ಕೂರಿಸಿದರು. ಗದ್ದ ಚೌಕಟ್ಟಿನ ಮೇಲಿಟ್ಟು ನೋಡಿದರು. ಬಿಪಿ, ಶುಗರ್, ಇಸಿಜಿ. ಕಣ್ಣೀರಿನ ನಾಳ ತೆರೆದಿದೆಯೇ ಎಂದು ನೋಡಲು ಕಣ್ಣಿನ ಮೂಲೆಯಿಂದ ನೀರು ಬಿಟ್ಟರು, ಅದು ಗಂಟಲಿಗೆ ಬಂದು ಉಪ್ಪಾಯಿತು. ಕಣ್ಣಿಗೂ ಗಂಟಲಿಗೂ ಹೀಗೊಂದು ಒಳದಾರಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಕಣ್ಣಿನ ಉದ್ದ ಅಳೆದರು, ಒಳಗಿಡುವ ಮಸೂರದ ಶಕ್ತಿ ಎಷ್ಟಿರಬೇಕೆಂದು ಅದರಿಂದಲೇ ಲೆಕ್ಕ ಹಾಕುತ್ತಾರಂತೆ. "ಪೊರಿ ಇನ್ನೂ ಹಣ್ಣಾಗಬೇಕೇನ್ರೀ?" ಎಂದು ಕೇಳಿದೆ, ನಮ್ಮಲ್ಲಿ ಎಲ್ಲರೂ ಹಾಗೇ ಹೇಳುತ್ತಾರಲ್ಲ. ಅದು ಹಳೇ ಕಾಲದ ಮಾತು, ಈಗ ಬಲಿಯುವವರೆಗೆ ಕಾದರೆ ತೆಗೆಯುವುದೇ ಕಷ್ಟ ಎಂದರು.

ಆಮೇಲೆ ಬಂದದ್ದೇ ಆ ಪ್ರಶ್ನೆ.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒಳಗೆ ಇಡುವ ಮಸೂರ ಒಂದೇ ದೂರಕ್ಕೆ ಕೂಡಿಸಿದ್ದಿರುತ್ತದೆ, ಹುಟ್ಟು ಮಸೂರದ ಹಾಗೆ ಹಿಗ್ಗಿ ಕುಗ್ಗಿ ಹೊಂದಿಕೊಳ್ಳುವುದಿಲ್ಲ ಎಂದರು. ಸಾಮಾನ್ಯವಾಗಿ ಎಲ್ಲರೂ ದೂರದ್ದು ಹಾಕಿಸಿಕೊಳ್ಳುತ್ತಾರೆ. ಬೀದಿ, ಟಿವಿ, ಎದುರು ಬರುವವರ ಮುಖ ಬರಿಗಣ್ಣಿಗೆ ಕಾಣುತ್ತವೆ, ಓದಲು ಚಾಳೀಸು ಬೇಕಾಗುತ್ತದೆ. "ನೀವು ಏನ್ ಕೆಲ್ಸ ಮಾಡ್ತೀರಮ್ಮಾ?" ಎಂದು ಕೇಳಿದರು. ಹೇಳಿದೆ. ಚೀಲದಲ್ಲಿ ಅರ್ಧ ಹಾಕಿದ ಕುಂಚಿಗೆ ಇತ್ತು, ತೋರಿಸಿದೆ. ಅವರು ಅದನ್ನು ತಿರುಗಿಸಿ ಬೆನ್ನು ನೋಡಿದರು. ಬೆನ್ನು ತಿರುಗಿಸಿ ನೋಡುವವರ ಮೇಲೆ ನನಗೆ ಕೂಡಲೇ ಗೌರವ ಬರುತ್ತದೆ.

"ನಿಮಗ ಹತ್ತಿರದ್ದೂ ಹಾಕಬಹುದು," ಎಂದರು. "ಆಗ ಸೂಜಿ ಕೆಲಸಕ್ಕ ಚಾಳೀಸು ಬ್ಯಾಡ. ದೂರಕ್ಕ ಮಾತ್ರ ಚಾಳೀಸು ಹಾಕ್ಕೋಬೇಕು, ಆಮ್ಯಾಲೂ."

ಜೊತೆಗೆ ಬಂದಿದ್ದ ಮಗ ತಡೆದ. "ಅವ್ವಾ, ದೂರದ್ದ ಹಾಕ್ಸು. ಬಸ್ಸಿನ ಬೋರ್ಡ್ ಕಾಣಬೇಕು, ರಸ್ತೆ ದಾಟಬೇಕು. ಕಸೂತಿಗೆ ಏನು, ಚಾಳೀಸು ಇದ್ದೇ ಇದೆ." ಅವನ ಮಾತಿನಲ್ಲಿ ತಪ್ಪಿರಲಿಲ್ಲ. ದೂರಕ್ಕೂ ಹತ್ತಿರಕ್ಕೂ ಆಗುವ ಬಗೆಯ ದುಬಾರಿ ಮಸೂರ ಕೊಡಿಸುತ್ತೇನೆ ಎಂದೂ ಅಂದ. ಅದಕ್ಕೆ ಡಾಕ್ಟರೇ ಬೇಡ ಎಂದರು. ಆ ಮಸೂರ ಬರುವ ಬೆಳಕನ್ನೇ ಹಲವು ದೂರಗಳಿಗೆ ಹಂಚುತ್ತದೆ. ಒಂದೊಂದಕ್ಕೆ ಸಿಗುವ ಸ್ಪಷ್ಟತೆ ಅಷ್ಟು ಕಡಿಮೆ. ಕರಿಯ ಮೇಲೆ ಕರಿ ಎಳೆ ಎಣಿಸುವವರಿಗೆ ಅದೇ ಮುಖ್ಯವಾದದ್ದು. ಒಂದು ಕಣ್ಣಿಗೆ ದೂರದ್ದು, ಒಂದಕ್ಕೆ ಹತ್ತಿರದ್ದು ಹಾಕುವ ರೂಢಿಯೂ ಇದೆಯಂತೆ. ಆದರೆ ಸೂಜಿಯ ತುದಿ ಬಟ್ಟೆಯಿಂದ ಎಷ್ಟು ಮೇಲಿದೆ ಎಂಬ ಆಳ ತಿಳಿಯಬೇಕಾದರೆ ಎರಡು ಕಣ್ಣೂ ಒಂದೇ ಕಡೆ ಚೆನ್ನಾಗಿ ನೋಡಬೇಕು.

ಮನೆಗೆ ಹೋಗಿ ಯೋಚಿಸಿ ಎಂದು ಕಳಿಸಿದರು. ಆ ವಾರ ನಾನು ಮಾಡಿದ ಕೆಲಸವೆಂದರೆ ಒಂದು ದಿನದಲ್ಲಿ ನಾನು ಏನೇನು ನೋಡುತ್ತೇನೆ ಎಂದು ಗಮನಿಸಿದ್ದು. ಬೆಳಿಗ್ಗೆ ಒಲೆಯ ಮೇಲಿನ ಹಾಲು. ಅಕ್ಕಿಯಲ್ಲಿನ ಹರಳು. ರಂಗೋಲಿ ಚುಕ್ಕಿ ಮಾತ್ರ ನಿಂತು ಬಗ್ಗಿ ನೋಡುವುದು, ಅದು ನಡುದೂರ. ಸೊಪ್ಪಿನವಳ ಮುಖ, ಹನ್ನೊಂದರ ಹೊತ್ತಿಗೆ ಓಣಿಯ ತುದಿಯಲ್ಲಿ ಬರುವ ಪೋಸ್ಟಿನವನು. ಅವನು ನಮ್ಮ ಮನೆಗೆ ಬರುವುದು ವರ್ಷಕ್ಕೆ ನಾಲ್ಕು ಸಲ. ಮಧ್ಯಾಹ್ನದಿಂದ ಬೆಳಕಿರುವ ತನಕ, ತೊಡೆಯ ಮೇಲಿನ ಒಂದು ಮೊಳ ಬಟ್ಟೆ. ಲೆಕ್ಕ ಹಾಕಿದರೆ ನನ್ನ ಎಚ್ಚರದ ಬದುಕೆಲ್ಲ ಆ ಮೊಳದೊಳಗೇ ಇತ್ತು. ಇಷ್ಟು ವರ್ಷ ಇದನ್ನು ಒಂದು ಸಣ್ಣ ಬದುಕು ಎಂದು ಕೆಲವು ಸಂಬಂಧಿಕರು ಸೂಚಿಸಿದ್ದರು. ನನಗೂ ಒಮ್ಮೊಮ್ಮೆ ಹಾಗನಿಸಿತ್ತು. ಈ ಸಲ ಅನಿಸಲಿಲ್ಲ.

ವಾರ ಕಳೆದು ಹೋಗಿ ಹೇಳಿದೆ: "ಡಾಕ್ಟರ್ರೀ, ನನಗ ಎಳಿ ಕಾಣಬೇಕ್ರೀ. ಬಸ್ಸಿನ ಬೋರ್ಡ್ ಯಾರನ್ನರೆ ಕೇಳ್ತೀನಿ."

ಅವರು ಕುರ್ಚಿಯಲ್ಲಿ ಕೂರಿಸಿ, ಮನೆಯಲ್ಲಿ ಹಿಡಿಯುವ ಹಾಗೆಯೇ ಬಟ್ಟೆ ಹಿಡಿಯಲು ಹೇಳಿ, ಕಣ್ಣಿನಿಂದ ಸೂಜಿಯ ತುದಿಗೆ ಟೇಪು ಹಿಡಿದು ಅಳೆದರು. 36 ಸೆಂಟಿಮೀಟರ್. ನೂರನ್ನು 36ರಿಂದ ಭಾಗಿಸಿದರೆ ಎರಡೂಮುಕ್ಕಾಲು ಬರುತ್ತದೆ, ನಿಮ್ಮ ಕಣ್ಣು ಮೈನಸ್ ಎರಡೂಮುಕ್ಕಾಲಿಗೆ ನಿಲ್ಲುವ ಹಾಗೆ ಮಸೂರ ಆರಿಸುತ್ತೇವೆ ಎಂದರು. ರವಿಕೆಗೆ ಅಳತೆ ಕೊಟ್ಟದ್ದು ಬಿಟ್ಟರೆ ನನ್ನ ಮೈಗೆ, ನನ್ನ ಕೂರುವ ಭಂಗಿಗೆ ಸರಿಯಾಗಿ ಯಾರಾದರೂ ಏನಾದರೂ ಮಾಡಿಕೊಟ್ಟದ್ದು ಅದೇ ಮೊದಲು. ಮಗ ಸುಮ್ಮನಾದ. ಹೊರಗೆ ಬಂದ ಮೇಲೆ, "ನಾ ದೂರದಿಂದ ಬಂದ್ರ ಗುರ್ತ ಹಿಡಿಯೂದಿಲ್ಲ ಅಂದಂಗಾತು," ಎಂದ. ನೀ ಬೆಂಗಳೂರಿನಿಂದ ಬರುವುದೇ ಅಪರೂಪ, ಹತ್ತಿರ ಬಂದು ನಿಲ್ಲು ಎಂದೆ.

ಆಪರೇಷನ್ ಬಲಗಣ್ಣಿಗೆ ಮೊದಲು. ಯಾವ ಕಣ್ಣು ಎಂದು ತಪ್ಪದಿರಲಿ ಅಂತ ಹಣೆಯ ಮೇಲೆ ಗುರುತು ಹಾಕಿದರು. ಹಸಿರು ಗೌನು, ತಲೆಗೆ ಟೊಪ್ಪಿಗೆ. ಬೆಂಚಿನ ಮೇಲೆ ನನ್ನ ಹಾಗೇ ಗುರುತು ಹಾಕಿಸಿಕೊಂಡು ಕೂತವರು ಸಾಲಾಗಿದ್ದರು. ನವಲಗುಂದ ಕಡೆಯ ಒಬ್ಬ ರೈತರು ಕಡಲೆಗೆ ಔಷಧ ಹೊಡೆಯುವುದು ಉಳಿದುಬಿಟ್ಟಿದೆ ಎಂದು ಚಡಪಡಿಸುತ್ತಿದ್ದರು. ಇನ್ನೊಬ್ಬರು ನಿವೃತ್ತ ಮೇಷ್ಟ್ರು, ಪೇಪರ್ ಓದದೆ ಆರು ತಿಂಗಳಾಯಿತು ಎಂದರು. ಎಲ್ಲರ ಮಾತೂ ಅರ್ಧಕ್ಕೆ ಬಿಟ್ಟು ಬಂದ ಕೆಲಸದ ಸುತ್ತಲೇ ಇತ್ತು. ಕಣ್ಣಿನ ಮಾತು ಯಾರೂ ಆಡಲಿಲ್ಲ.

ಒಳಗೆ ಹನಿ ಹಾಕಿ ಕಣ್ಣು ಮರಗಟ್ಟಿಸಿದರು. ಇಂಜೆಕ್ಷನ್ ಇರಲಿಲ್ಲ. ಸುತ್ತ ಕಂದು ಔಷಧ ಬಳಿದು, ಮುಖದ ಮೇಲೆ ಬಟ್ಟೆ ಹೊದಿಸಿದರು, ಒಂದು ಕಣ್ಣಿಗೆ ಮಾತ್ರ ಕಿಂಡಿ. ರೆಪ್ಪೆ ಮುಚ್ಚದಂತೆ ಒಂದು ತಂತಿಯ ಕೊಕ್ಕೆ. "ಕೆಮ್ಮು ಬಂದ್ರ ಮೊದಲ ಹೇಳ್ರಿ, ತಲಿ ಅಲ್ಲಾಡಸಬ್ಯಾಡ್ರಿ." ಆಮೇಲೆ ಬೆಳಕು. ಮೂರು ಬೆಳಕು ಇದ್ದದ್ದು ಒಂದಕ್ಕೊಂದು ಸೇರಿ ಗುಲಾಬಿಯಾಯಿತು, ನೀಲಿಯಾಯಿತು, ನೀರು ಹರಿದಾಗ ಅಲೆಯಾಡಿತು. ಯಂತ್ರದ ದನಿ ಸಣ್ಣಗೆ ಶುರುವಾಗಿ ಏರುತ್ತಿತ್ತು, ಇಳಿಯುತ್ತಿತ್ತು. ನೋವಿರಲಿಲ್ಲ, ಆದರೆ ಯಾರೋ ಕಣ್ಣಿನೊಳಗೆ ಇದ್ದಾರೆ ಎಂಬುದು ಗೊತ್ತಾಗುತ್ತಿತ್ತು. ಹೆದರಿಕೆ ಮರೆಯಲು ನಾನು ತೇರಿನ ಲೆಕ್ಕ ಹಾಕಿಕೊಂಡೆ: ಮೂರು ಎಳೆ ಕೆಳಗೆ, ಮೂರು ಮೇಲೆ, ಬಲಕ್ಕೆ ಮೆಟ್ಟಿಲು. ತೇರಿನ ಗಾಲಿ ಮುಗಿದು ಮಂಟಪಕ್ಕೆ ಏರುವ ಹೊತ್ತಿಗೆ "ಆತ್ರಿ ಅಮ್ಮಾ" ಎಂದರು.

ಒಳಗೆ ನಡೆದದ್ದೇನೆಂದು ಆಮೇಲೆ ಮಗಳು ಓದಿ ಹೇಳಿದಳು. ಮೂರು ಮಿಲಿಮೀಟರಿಗಿಂತ ಕಡಿಮೆ ಸೀಳು, ಹೊಲಿಗೆ ಹಾಕಬೇಕಾಗಿಲ್ಲ. ಸೂಜಿಯಂಥ ತುದಿಯಿಂದ ಕಿವಿಗೆ ಕೇಳದ ಶಬ್ದದ ಅಲೆ ಹರಿಸಿ ಗಟ್ಟಿಯಾದ ಮಸೂರವನ್ನು ಪುಡಿ ಮಾಡಿ ಹೀರಿಕೊಳ್ಳುತ್ತಾರೆ. ಮಸೂರ ಕೂತಿದ್ದ ತೆಳ್ಳಗಿನ ಚೀಲವನ್ನು ಹಾಗೇ ಉಳಿಸಿ, ಅದರೊಳಗೆ ಮಡಿಸಿದ ಹೊಸ ಮಸೂರ ಬಿಡುತ್ತಾರೆ, ಅದು ತಾನೇ ಅರಳುತ್ತದೆ. ಈ ಅಲೆಯ ಉಪಾಯ 1967ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್ ಎಂಬ ಕಣ್ಣಿನ ಡಾಕ್ಟರು ತಂದದ್ದು. ಹಲ್ಲು ಸ್ವಚ್ಛ ಮಾಡಿಸಿಕೊಳ್ಳಲು ಹೋಗಿ ಕೂತಿದ್ದಾಗ ಅಲ್ಲಿನ ಯಂತ್ರ ನೋಡಿ ಹೊಳೆಯಿತಂತೆ. ಬಾಯಿ ತೆರೆದುಕೊಂಡು ಕೂತಾಗಲೂ ಆ ಮನುಷ್ಯ ತನ್ನ ಕೆಲಸವನ್ನೇ ಯೋಚಿಸುತ್ತಿದ್ದನಲ್ಲ, ಆ ಜಾತಿ ನನಗೆ ಪರಿಚಯದ್ದು. ಕೃತಕ ಮಸೂರ ಅದಕ್ಕಿಂತ ಹಳೆಯದು. ಎರಡನೇ ಮಹಾಯುದ್ಧದಲ್ಲಿ ವಿಮಾನದ ಗಾಜಿನ ಬದಲು ಇದ್ದ ಅಕ್ರಿಲಿಕ್ ಚೂರುಗಳು ಪೈಲಟ್ಟುಗಳ ಕಣ್ಣಿಗೆ ಹೊಕ್ಕಿದ್ದವು. ಅವು ಒಳಗೇ ಉಳಿದರೂ ಕಣ್ಣು ಸಿಡುಕಲಿಲ್ಲ ಎಂಬುದನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ ಗಮನಿಸಿ, 1949ರಲ್ಲಿ ಅದೇ ಜಾತಿಯ ವಸ್ತುವಿನ ಮಸೂರವನ್ನು ಕಣ್ಣಿನೊಳಗೆ ಇಟ್ಟರು. ನಮ್ಮಲ್ಲಿ ಇದು ಕೈಗೆಟಕುವ ಬೆಲೆಗೆ ಇಳಿದದ್ದರ ಹಿಂದೆ ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯವರು 1992ರಲ್ಲಿ ಶುರು ಮಾಡಿದ ಆರೋಲ್ಯಾಬ್ ಇದೆ. ಅಜ್ಜಿಯ ಕಾಲಕ್ಕೆ ಲಂಡನ್ನಿನಲ್ಲಿ ಮಸೂರ ಇತ್ತು, ಬೀಳಗಿಯ ಕಡೆ ಇರಲಿಲ್ಲ ಎಂಬುದು ನನಗೆ ಬಹಳ ಹೊತ್ತು ತಲೆಯಲ್ಲಿ ತಿರುಗಿತು.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಎದುರಿನ ಗೋಡೆ ಮಂಜು, ನರ್ಸಿನ ಮುಖ ಮಂಜು. ಎದೆ ಧಸಕ್ಕೆಂದಿತು, ಆಮೇಲೆ ನೆನಪಾಯಿತು, ನಾನೇ ಕೇಳಿ ಪಡೆದ ಮಂಜು ಅದು. ಬಿಚ್ಚಿದ ಗಾಜ್ ಬಟ್ಟೆ ಅವಳ ಕೈಯಲ್ಲಿತ್ತು. ಕೊಡವ್ವಾ ಎಂದು ಇಸಿದುಕೊಂಡು ಮೂಗಿನ ಮುಂದೆ ಹಿಡಿದೆ. ವಿರಳ ನೇಯ್ಗೆ, ಹಾಸು ಹೊಕ್ಕು ಎರಡೂ ಬೇರೆಬೇರೆ ಕಾಣುತ್ತಿತ್ತು, ಎಳೆಯ ಮೇಲಿನ ಹತ್ತಿಯ ಜುಂಗು ಸಮೇತ. ಅಲ್ಲೇ ನಿಂತು ಒಂದು ಅಂಗುಲದಷ್ಟು ಎಣಿಸಿಬಿಟ್ಟೆ. ಕೊಳೆ ಬಟ್ಟೆ, ಕೊಡ್ರೀ ಎಂದು ನರ್ಸ್ ಕಸಿದುಕೊಂಡಳು.

ಅದಾದ ಮೇಲಿನ ದಿನಗಳು ಬೇಸರದವು, ಅದನ್ನು ಎಳೆಯುವುದಿಲ್ಲ. ಹನಿ ಹಾಕುವುದು, ವಾರವಾರಕ್ಕೆ ಹನಿ ಇಳಿಸುತ್ತ ಹೋಗುವುದು. ತಲೆಗೆ ನೀರಿಲ್ಲ, ಬಗ್ಗುವಂತಿಲ್ಲ, ಒಗ್ಗರಣೆಯ ಹೊಗೆಗೆ ಮುಖ ಒಡ್ಡುವಂತಿಲ್ಲ, ರಾತ್ರಿ ಕಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ. ನನ್ನ ಹನಿ ನಾನೇ ಹಾಕಿಕೊಂಡರೆ ಕೆನ್ನೆಗೆ ಬೀಳುತ್ತಿತ್ತು. ಕಲಿಯಲು ಬರುವ ಹುಡುಗಿ ಕಾಲೇಜಿಗೆ ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ಬಂದು ಹಾಕಿ ಹೋದಳು. ನಡುವಿನದಕ್ಕೆ ಎದುರುಮನೆಯವರು, ಕೈಯಲ್ಲಿ ಸಾರಿನ ಪಾತ್ರೆ ಹಿಡಿದೇ ಬರುತ್ತಿದ್ದರು. ಮಗಳು ಫೋನಿನಲ್ಲಿ ಒಂದು ಸಲಹೆ ಕಳಿಸಿದಳು: ದಿನಾ ಮಲಗುವ ಮೊದಲು ಮೂರು ಉಪಕಾರ ನೆನೆದು ಬರೆಯಬೇಕಂತೆ, ಮನಸ್ಸಿಗೆ ಒಳ್ಳೆಯದಂತೆ. ಕೆಲವು ದಿನ ಬರೆದೆ. ಮೊದಲ ದಿನವೇ ಹನಿ, ಹುಡುಗಿ, ಸಾರು ಎಂದು ಬರೆದಾಯಿತು. ಎರಡನೆಯ ದಿನವೂ ಅದೇ, ಮೂರನೆಯ ದಿನವೂ ಅದೇ. ಸಾರು ಮಾತ್ರ ಬದಲಾಗುತ್ತಿತ್ತು. ಕೂತು ನೆನೆಸಿಕೊಂಡರೆ ನನಗೆ ಕೃತಜ್ಞತೆ ಬರುವುದಿಲ್ಲ, ಲೆಕ್ಕಪತ್ರ ಬರುತ್ತದೆ. ಕೈಗೆ ಕೆಲಸ ಇದ್ದಾಗ ಅದು ತಾನೇ ಬರುತ್ತದೆ ಎಂಬುದು ನನ್ನ ಅನುಭವ. ಬೇರೆಯವರಿಗೆ ಆ ಪುಸ್ತಕ ಕೆಲಸ ಮಾಡುತ್ತಿರಬಹುದು.

ಎರಡನೆಯ ಕಣ್ಣಿಗೆ ಇನ್ನೂ ಕೆಲವು ವಾರ ಇತ್ತು. ಇಡೀ ಅನುಭವದಲ್ಲಿ ನನಗೆ ಅತಿ ಆಶ್ಚರ್ಯದ ಕಾಲ ಅದೇ. ದಾರದ ಡಬ್ಬಿ ತೆಗೆದು ಕೂತು, ಒಂದೊಂದೇ ಲಡಿ ಎತ್ತಿ, ಮೊದಲು ಎಡಗಣ್ಣು ಮುಚ್ಚಿ ನೋಡುವುದು, ಆಮೇಲೆ ಬಲಗಣ್ಣು. ಬಿಳಿ ದಾರ ಹೊಸ ಕಣ್ಣಿಗೆ ನೀಲಿಯ ಛಾಯೆಯ ಬಿಳಿ, ಹಳೆಯ ಕಣ್ಣಿಗೆ ಚಹಾದಲ್ಲಿ ಅದ್ದಿ ತೆಗೆದದ್ದರಂತೆ. ನೇರಳೆ ಬಣ್ಣ ಹಳೆಯ ಕಣ್ಣಿಗೆ ಕಂದು. ಕರಿ ಎಂದು ತಿಳಿದಿದ್ದ ಒಂದು ಲಡಿ ಗಾಢ ನೀಲಿಯಾಗಿತ್ತು. ಹಳದಿಯಾದ ಮಸೂರ ನೀಲಿ ಬೆಳಕನ್ನು ತಡೆಯುತ್ತದೆ. ಆದರೆ ಅದು ಎಷ್ಟು ನಿಧಾನವಾಗಿ ಹಳದಿಯಾಗುತ್ತದೆಂದರೆ ಮಿದುಳು ಅದನ್ನೇ ಸರಿ ಎಂದು ಒಪ್ಪಿಕೊಂಡು ಬಂದಿರುತ್ತದೆ. ಹುಡುಗಿ ಬಂದಾಗ ಅವಳಿಗೂ ತೋರಿಸಬೇಕೆನಿಸಿ, ಇದು ಯಾವ ಬಣ್ಣ, ಇದು ಯಾವ ಬಣ್ಣ ಎಂದು ಕೇಳುತ್ತ ಹೋದೆ. ಅವಳು ಹೇಳಿದ ಬಣ್ಣಗಳೆಲ್ಲ ನನ್ನ ಬಲಗಣ್ಣಿನ ಬಣ್ಣಗಳು. ಇಪ್ಪತ್ತರ ಹುಡುಗಿಯೂ ನಾನೂ ಒಂದೇ ಕೆಂಪು ನೋಡುತ್ತಿದ್ದೇವೆ ಎಂಬುದು ಆಗ ಸಣ್ಣ ವಿಷಯ ಅನಿಸಲಿಲ್ಲ.

ಬೀರುವಿನಿಂದ ಅವ್ವ ಹಾಕಿದ ಚಂದ್ರಕಾಳಿಯನ್ನೂ ತೆಗೆದೆ. ಇಳಕಲ್ ಸೀರೆಗೇ ಆದ ಟೋಪು ತೆನೆ ಎಂಬ ನೇಯ್ಗೆಯ ಸೆರಗು, ಕೆಂಪಿಗೆ ಬಿಳಿ. ಸೆರಗಿನ ಹತ್ತಿರ ದೊಡ್ಡ ಗೋಪುರ, ತೇರು, ಕೆಳಗೆ ಬಂದ ಹಾಗೆ ಸಣ್ಣ ಸಣ್ಣ ಚಿತ್ತಾರ. ಎಷ್ಟು ಸಲ ನೋಡಿದ ಸೀರೆ. ತೊಟ್ಟಿಲಿನ ಒಂದು ಕಾಲಿನಲ್ಲಿ ನೇರಳೆ ಇತ್ತು, ಉಳಿದ ಮೂರು ಕೆಂಪು. ದಾರ ಮುಗಿದಿತ್ತೋ, ಬೇಕೆಂದೇ ಹಾಕಿದಳೋ. ಕೇಳಲು ಅವಳಿಲ್ಲ. ಅವಳು ಯಾವ ಬೆಳಕಿನಲ್ಲಿ ಕೂತು ಹಾಕಿರಬಹುದು ಎಂದು ಯೋಚಿಸಿದೆ. ಆಗ ನಮ್ಮ ಮನೆಗೆ ಕರೆಂಟಿರಲಿಲ್ಲ.

ಎಡಗಣ್ಣಿನ ಆಪರೇಷನ್ನೂ ಹಾಗೇ ಆಯಿತು, ಹೇಳುವಂಥದ್ದೇನಿಲ್ಲ. ಈ ಸಲ ತೇರು ಶಿಖರದ ತನಕ ಹೋಯಿತು.

ಈಗ ದೂರಕ್ಕೆ ಚಾಳೀಸು ಇದೆ, ದಾರಕ್ಕೆ ಕಟ್ಟಿ ಕೊರಳಲ್ಲಿ ಹಾಕಿಕೊಂಡಿರುತ್ತೇನೆ. ಅದನ್ನು ಮರೆತು ಸುಭಾಷ ರಸ್ತೆಗೆ ಹೋದರೆ ಯಾರ ಮುಖವೂ ಗುರುತು ಸಿಗುವುದಿಲ್ಲ. ಈಕೆಗೆ ಸೊಕ್ಕು ಬಂದಿದೆ ಎಂದು ಒಬ್ಬಿಬ್ಬರು ಅಂದಿದ್ದಾರಂತೆ. ಮಾಳಿಗೆಯಿಂದ ಕಾಣುತ್ತಿದ್ದ ಗುಡ್ಡದ ಸಾಲು ಈಗ ಹಸಿರು ಹೊಗೆ. ಚಾಳೀಸನ್ನು ಮೂಗಿನ ಮೇಲಿಂದ ತೆಗೆದು ಹತ್ತಿರದ್ದಕ್ಕೆ ಬಗ್ಗುವ ನನ್ನ ರೀತಿ ನನ್ನ ವಯಸ್ಸಿನ ಉಳಿದವರಿಗೆಲ್ಲ ತಿರುವುಮುರುವು. ಅವರು ಪೇಪರ್ ಓದಲು ಚಾಳೀಸು ಹುಡುಕುವಾಗ ನಾನು ಚಾಳೀಸು ಬಿಚ್ಚುತ್ತೇನೆ. ಡಾಕ್ಟರು ತಪಾಸಣೆಗೆ ಕರೆದಾಗ, ಮುಂದೆ ಎಂದಾದರೂ ಮಸೂರದ ಹಿಂದಿನ ಚೀಲ ಮಬ್ಬಾದರೆ ಲೇಸರಿನಲ್ಲಿ ಒಂದು ಕಿಂಡಿ ಮಾಡುತ್ತೇವೆ, ಹೆದರಬೇಡಿ ಎಂದರು. ಹೋಗುವಾಗ ಅವರಿಗೆ ಮುಗಿದ ಕುಂಚಿಗೆ ತಗೊಂಡು ಹೋಗಿದ್ದೆ. ಮತ್ತೆ ಬೆನ್ನು ತಿರುಗಿಸಿ ನೋಡಿದರು.

ಇವತ್ತು ತೊಡೆಯ ಮೇಲೆ ಇರುವುದು ಒಂದು ಚಂದ್ರಕಾಳಿಯೇ, ಪಂಚಮಿಗೆ ಕೊಡಬೇಕು. ಗೋಪುರ ಮುಗಿದಿದೆ. ಆನೆಗಳು ಎದುರುಬದುರು ನಿಂತಿವೆ, ಒಂದಕ್ಕೆ ಅಂಬಾರಿ ಏರಬೇಕು. ಹೊರಗೆ ಜಿಟಿಜಿಟಿ ಮಳೆ, ಆದರೂ ಪಡಸಾಲೆಯಲ್ಲೇ ಕೂತಿದ್ದೇನೆ, ಈ ಬೆಳಕು ಸಾಕು. ಹುಡುಗಿ ನಾ‌ಲ್ಕಕ್ಕೆ ಬರುತ್ತಾಳೆ. ಮುರ್ಗಿಯಲ್ಲಿ ಮೂಲೆ ತಿರುಗಿಸುವುದು ಅವಳಿಗೆ ಇನ್ನೂ ಕೂಡಿಬಂದಿಲ್ಲ. ಕಲಿಯುವವರು ಹಿಡಿಯುವ ಬಿಳಿ ಮ್ಯಾಟಿ ಬಟ್ಟೆ ಬಿಡಿಸಿ ನೇರ ಕರಿ ಬಟ್ಟೆಯನ್ನೇ ಕೈಗೆ ಕೊಡಬೇಕೆಂದಿದ್ದೇನೆ. ಬಿಳಿಯ ಮೇಲೆ ಯಾರು ಬೇಕಾದರೂ ಎಣಿಸುತ್ತಾರೆ.